ದಾರಿಯಲ್ಲಿ ಸಿಕ್ಕ ಡಬ್ಬಿ ಯಾರದ್ದು? ಕಳೆದುಹೋದ ಜಿಯೋಕ್ಯಾಶ್ ಬಗ್ಗೆ ಮಾಲೀಕರಿಗೆ ತಿಳಿಸುವುದು ಹೇಗೆ

[ದೃಶ್ಯ: ಮೇಜಿನ ಮೇಲೆ ಕೆಸರು ಮೆತ್ತಿದ ಪ್ಲಾಸ್ಟಿಕ್ ಡಬ್ಬಿ. ಕೈಗಳು ಮಾತ್ರ ಕಾಣುತ್ತವೆ.]

ಈ ಡಬ್ಬಿ ನೋಡಿ. ಊಟದ ಡಬ್ಬಿ ಥರಾನೇ ಇದೆ, ನಾಲ್ಕೂ ಕಡೆ ಕ್ಲಿಪ್ ಇರುವಂಥದ್ದು. ಜೋರು ಮಳೆಯ ಮಾರನೇ ದಿನ ನೀವು ವಾಕಿಂಗ್ ಹೋಗಿದ್ದೀರಿ, ಇದು ಕಾಲುದಾರಿಯ ಪಕ್ಕ ಬಿದ್ದಿತ್ತು ಅಂದುಕೊಳ್ಳಿ. ಕಸ ಅಂತ ಎತ್ತಿಕೊಂಡಿರಿ. ಸುಮ್ನೆ ಕುತೂಹಲಕ್ಕೆ ತೆಗೆದಿರಿ.

[ದೃಶ್ಯ: ಮುಚ್ಚಳ ತೆಗೆಯುವುದು. ಒಂದೊಂದೇ ವಸ್ತು ಹೊರಗೆ.]

ಒಂದು ಪುಟ್ಟ ನೋಟ್‌ಬುಕ್. ಮೊಂಡು ಪೆನ್ಸಿಲ್. ಒಂದು ಪ್ಲಾಸ್ಟಿಕ್ ಡೈನೋಸಾರ್. ಎರಡು ಗೋಲಿ. ನೋಟ್‌ಬುಕ್ಕಿನ ತುಂಬಾ ತಾರೀಖುಗಳು, ಪಕ್ಕದಲ್ಲಿ ಎಂಥೆಂಥದೋ ಹೆಸರುಗಳು. ತಲೆ ಬುಡ ಗೊತ್ತಾಗುವುದಿಲ್ಲ.

ಇದು ಜಿಯೋಕ್ಯಾಶ್. ಯಾರೋ ಬೇಕಂತಲೇ ಬಚ್ಚಿಟ್ಟ ಡಬ್ಬಿ. ಬಚ್ಚಿಟ್ಟ ಜಾಗದ ಅಕ್ಷಾಂಶ, ರೇಖಾಂಶವನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ಬೇರೆಯವರು ಜಿಪಿಎಸ್ ನೋಡಿಕೊಂಡು ಹುಡುಕುತ್ತಾ ಬರುತ್ತಾರೆ. ಸಿಕ್ಕರೆ ನೋಟ್‌ಬುಕ್ಕಿನಲ್ಲಿ ತಮ್ಮ ಆಟದ ಹೆಸರು, ಅಂದರೆ ಈ ಆಟಕ್ಕೆಂದೇ ಇಟ್ಟುಕೊಂಡ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಅಷ್ಟೇ ಆಟ. ನಾಗರಿಕರು ಬಳಸುವ ಜಿಪಿಎಸ್ ಸಿಗ್ನಲ್‌ನಲ್ಲಿ ಅಮೆರಿಕ ಸರ್ಕಾರ ಬೇಕಂತಲೇ ಒಂದಿಷ್ಟು ತಪ್ಪು ಸೇರಿಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿತು. ಮಾರನೇ ದಿನವೇ ಆರೆಗನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವವರು ಒಂದು ಬಕೆಟ್ ಬಚ್ಚಿಟ್ಟು, ಅದು ಎಲ್ಲಿದೆ ಅಂತ ಇಂಟರ್ನೆಟ್ಟಿನಲ್ಲಿ ಹಾಕಿದರು. ಶುರುವಾಗಿದ್ದು ಅಲ್ಲಿಂದ. ಈಗ ಪ್ರಪಂಚದಲ್ಲಿ ಇಂಥ ಜಿಯೋಕ್ಯಾಶ್‌ಗಳು 30 ಲಕ್ಷಕ್ಕೂ ಜಾಸ್ತಿ ಇವೆ.

ಅಷ್ಟೊಂದು ಡಬ್ಬಿಗಳು ಬಯಲಲ್ಲಿ ಬಿದ್ದಿರುವಾಗ ಕೆಲವು ಕಳೆದುಹೋಗದೇ ಇರುತ್ತವಾ? ನೀರು ಕೊಚ್ಚಿಕೊಂಡು ಹೋಗುತ್ತದೆ. ತಿಂಡಿ ವಾಸನೆ ಇದ್ದರೆ ಪ್ರಾಣಿಗಳು ಎಳೆದುಕೊಂಡು ಹೋಗುತ್ತವೆ. ಪೊದೆ ಕಡಿಯುವವರಿಗೆ ಸಿಗುತ್ತದೆ, ಗುಡಿಸುವವರಿಗೆ ಸಿಗುತ್ತದೆ. ಸಿಕ್ಕವರಿಗೆ ಈ ಆಟವೇ ಗೊತ್ತಿರುವುದಿಲ್ಲ. ಆಟದವರು ಅಂಥವರನ್ನು 'ಮಗಲ್' ಅಂತಾರೆ. ಮಕ್ಕಳ ಮಾಂತ್ರಿಕ ಕಾದಂಬರಿಯಿಂದ ಎತ್ತಿಕೊಂಡ ಪದ. ಡಬ್ಬಿ ಕಾಣೆಯಾದರೆ 'ಮಗಲ್ ಆಯ್ತು' ಅಂತ ಹೇಳಿ ಕೈತೊಳೆದುಕೊಳ್ಳುತ್ತಾರೆ. ನನಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ. ಕೇಳಿದರೆ ಕದ್ದುಬಿಟ್ಟರು ಅನ್ನೋ ಹಾಗಿದೆ. ಕೊಡೋಣ ಅಂದರೂ ಯಾರಿಗೆ ಕೊಡೋದು ಅಂತ ಆ ಮನುಷ್ಯನಿಗೆ ನಾವು ಹೇಳಿದ್ದೀವಾ?

ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಡಬ್ಬಿ ಸಿಕ್ಕವರ ವಿಷಯ.

[ದೃಶ್ಯ: ಕಲ್ಲಿನ ಸಂದಿಯಲ್ಲಿ ಅರ್ಧ ಕಾಣುವ ಡಬ್ಬಿ. ಪಕ್ಕದಲ್ಲಿ ಬಯಲಲ್ಲಿ ಬಿದ್ದಿರುವ ಇನ್ನೊಂದು.]

ಎಲ್ಲಕ್ಕಿಂತ ಮೊದಲು, ಅದು ನಿಜವಾಗಿ ಕಳೆದುಹೋಗಿದೆಯಾ ನೋಡಿ. ಕಲ್ಲಿನ ಸಂದಿಯಲ್ಲಿ, ಮರದ ಪೊಟರೆಯಲ್ಲಿ, ಬೆಂಚಿನ ಅಡಿ ಆಯಸ್ಕಾಂತಕ್ಕೆ ಅಂಟಿಕೊಂಡು ಕೂತಿದ್ದರೆ ಅದು ಕಳೆದಿಲ್ಲ. ಅಲ್ಲೇ ಇರಬೇಕಾದ್ದು. ನೋಡಿ, ಬೇಕಾದರೆ ಹೆಸರು ಬರೆಯಿರಿ, ಮುಚ್ಚಳ ಗಟ್ಟಿಯಾಗಿ ಹಾಕಿ ಅಲ್ಲೇ ಇಡಿ. 'ಪಾಪ, ಯಾರೋ ಮರೆತು ಹೋಗಿದ್ದಾರೆ' ಅಂತ ಮನೆಗೆ ತಂದರೆ ನೀವೇ ಕಳೆದ ಹಾಗೆ! ದಾರಿ ಮಧ್ಯೆ ಬಿದ್ದಿದೆ, ಮುಚ್ಚಳ ಹಾರಿಹೋಗಿದೆ, ನೀರಿನಲ್ಲಿ ತೇಲುತ್ತಿದೆ ಅಂದರೆ ಮಾತು ಬೇರೆ.

ಇನ್ನೊಂದು. ಏನು ಅಂತ ಗೊತ್ತಾಗದ, ಮೇಲೆ ಏನೂ ಬರೆಯದ ಡಬ್ಬಿ ಜನ ಓಡಾಡುವ ಕಡೆ ಇದ್ದು, ನಿಮಗೆ ಅನುಮಾನ ಬಂದರೆ ಮುಟ್ಟಲೇಬೇಡಿ. ಪೊಲೀಸರಿಗೆ ಹೇಳಿ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಊರಿನಲ್ಲಿ ಒಂದು ಕೆಫೆಯ ಹೊರಗಿದ್ದ ಜಿಯೋಕ್ಯಾಶ್ ನೋಡಿ ಜನ ಹೆದರಿ, ಬಾಂಬ್ ದಳದವರು ಬಂದು ಅದನ್ನು ಸಿಡಿಸಿದರು. ಹೆದರಿದವರದ್ದು ತಪ್ಪು ಅಂತ ನಾನಂತೂ ಹೇಳುವುದಿಲ್ಲ.

ಸರಿ, ನಿಮ್ಮ ಕೈಯಲ್ಲಿರುವುದು ಕಳೆದುಹೋದ ಡಬ್ಬಿಯೇ. ಸಿಕ್ಕ ಜಾಗದಲ್ಲೇ ನಿಂತುಕೊಂಡು ಫೋನಿನ ಮ್ಯಾಪ್ ತೆಗೆಯಿರಿ. ನೀವಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಉದ್ದ ಸಂಖ್ಯೆ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮೇಲೆ ಆಕಾಶ ತೆರೆದಿದ್ದರೆ ಫೋನು ಸುಮಾರು 5 ಮೀಟರ್ ಹತ್ತಿರಕ್ಕೆ ಜಾಗ ತೋರಿಸುತ್ತದೆ. ಮನೆಗೆ ಹೋದ ಮೇಲೆ 'ಆ ಮರದ ಹತ್ತಿರ' ಅಂತ ನೆನಪು ಮಾಡಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ.

ಆಮೇಲೆ ಕೋಡ್ ಹುಡುಕಿ. ಡಬ್ಬಿಯ ಹೊರಗೆ, ಮುಚ್ಚಳದ ಒಳಗೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ. ಇಂಗ್ಲಿಷಿನ ಜಿ, ಸಿ ಅಕ್ಷರಗಳಿಂದ ಶುರುವಾಗಿ, ಮುಂದೆ ಅಕ್ಷರ, ಅಂಕಿ ಬೆರೆತಿರುತ್ತದೆ. ಡಬ್ಬಿಗೆ ಇದೇ ಆಧಾರ್ ಕಾರ್ಡ್. ಒಂದು ಕೋಡ್‌ಗೆ ಒಂದೇ ಡಬ್ಬಿ.

[ದೃಶ್ಯ: ಮಾಸಿದ ಲೇಬಲ್, ತೀರಾ ಹತ್ತಿರದಿಂದ. ಒಂದು ಅಕ್ಷರದ ಮೇಲೆ ಬೆರಳು.]

ಮಳೆಗೆ ಶಾಯಿ ಹರಡಿ, ಇದು 'ಓ'ನಾ ಸೊನ್ನೆನಾ ಅಂತ ಒದ್ದಾಡುತ್ತೀರಿ ಅಲ್ವಾ? ಸೊನ್ನೆ ಅಂತಲೇ ಓದಿಕೊಳ್ಳಿ. ಈ ಕೋಡ್‌ಗಳಲ್ಲಿ ಇಂಗ್ಲಿಷಿನ ಐ, ಎಲ್, ಓ, ಎಸ್, ಯು ಅನ್ನೋ ಐದು ಅಕ್ಷರಗಳನ್ನು ಬಳಸುವುದೇ ಇಲ್ಲ. ಒಂದು, ಸೊನ್ನೆ, ಐದು, ವಿ, ಇವುಗಳ ಜೊತೆ ಗೊಂದಲ ಆಗುತ್ತೆ ಅಂತ. ಹಾಗಾಗಿ 'ಎಸ್' ಥರ ಕಂಡಿದ್ದು 5, 'ಐ' ಥರ ಕಂಡಿದ್ದು 1. ಈ ಆಟದಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಕೆಲಸ ಇದು. ಯಾರೋ ಕೂತು, ಮಾಸಿದ ಕೈಬರಹವನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚನೆ ಮಾಡಿದ್ದಾರೆ.

ಕೋಡ್ ಸಿಕ್ಕಿತಾ? ಜಿಯೋಕ್ಯಾಶಿಂಗ್ ಡಾಟ್ ಕಾಮ್‌ಗೆ ಹೋಗಿ, ಉಚಿತ ಖಾತೆ ತೆರೆಯಿರಿ. ಇಮೇಲ್‌ಗೆ ಬರುವ ಲಿಂಕ್ ಒತ್ತಿ. ಕೋಡ್ ಹಾಕಿ ಹುಡುಕಿದರೆ ಡಬ್ಬಿಯ ಪುಟ ಬರುತ್ತದೆ. ಅದರಲ್ಲಿ ಮಾಲೀಕರ ಆಟದ ಹೆಸರು ಇರುತ್ತದೆ. ಅಲ್ಲಿಂದಲೇ ಅವರಿಗೆ ಮೆಸೇಜ್ ಕಳಿಸಬಹುದು. ಒಂದು ಡಬ್ಬಿಗೋಸ್ಕರ ಖಾತೆ ತೆರೆಯಬೇಕಾ ಅಂದರೆ, ಹೌದು, ಅದೊಂದು ತಲೆನೋವೇ. ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ಅವರನ್ನು ದೂರುವ ಹಾಗಿಲ್ಲ.

ಮೆಸೇಜಿನಲ್ಲಿ ದೊಡ್ಡ ಕಥೆ ಬೇಡ. 'ನಾನು ಈ ಆಟ ಆಡುವವಳಲ್ಲ. ನಿಮ್ಮ ಡಬ್ಬಿ ಇವತ್ತು ಬೆಳಿಗ್ಗೆ ಈ ಜಾಗದಲ್ಲಿ ಬಿದ್ದಿತ್ತು. ಮುಚ್ಚಳ ಇಲ್ಲ, ಪುಸ್ತಕ ನೆಂದಿದೆ. ಈಗ ನನ್ನ ಹತ್ತಿರ ಇದೆ. ಏನು ಮಾಡಲಿ?' ಇಷ್ಟು ಸಾಕು. ಡಬ್ಬಿ ಈಗ ಎಲ್ಲಿದೆ ಅನ್ನೋದನ್ನು ಮಾತ್ರ ಮರೆಯಬೇಡಿ. ಅದು ಗೊತ್ತಿಲ್ಲದಿದ್ದರೆ ಮಾಲೀಕರು ಖಾಲಿ ಪೊದೆಯಲ್ಲಿ ಕೈ ಹಾಕಿ ಹುಡುಕುತ್ತಾ ಇರುತ್ತಾರೆ. ನಿಮ್ಮ ಮನೆ ವಿಳಾಸ ಮೊದಲ ಮೆಸೇಜಿನಲ್ಲೇ ಕೊಡಬೇಕಾಗಿಲ್ಲ.

ಕೋಡೇ ಇಲ್ಲ ಅಂದರೆ? ಆಗ ಆ ಒದ್ದೆ ನೋಟ್‌ಬುಕ್ ಕೆಲಸಕ್ಕೆ ಬರುತ್ತದೆ.

[ದೃಶ್ಯ: ಅಂಟಿಕೊಂಡ ಪುಟಗಳನ್ನು ನಿಧಾನವಾಗಿ ಬಿಡಿಸುವುದು. ಕೊನೆಯ ಸಹಿ.]

ಕೊನೆಯ ಪುಟ ನೋಡಿ. ಒಂದು ತಾರೀಖು, ಒಂದು ಹೆಸರು. ಅದೇ ಹೆಸರಿನಲ್ಲಿ ಆ ಮನುಷ್ಯ ವೆಬ್‌ಸೈಟಿನಲ್ಲೂ ಇರುತ್ತಾನೆ. ಡಬ್ಬಿ ಸಿಕ್ಕಿತು ಅಂತ ಅವತ್ತೇ ಅಲ್ಲೂ ಬರೆದಿರುತ್ತಾನೆ. ಮ್ಯಾಪ್‌ನಲ್ಲಿ ನಿಮ್ಮ ಸುತ್ತಮುತ್ತ ಇರುವ ಡಬ್ಬಿಗಳ ಪುಟ ತೆಗೆದು, ಅದೇ ಹೆಸರು, ಅದೇ ತಾರೀಖು ಎಲ್ಲಿದೆ ನೋಡಿ. ಹೊಂದಿಕೆಯಾಯಿತು ಅಂದರೆ ಡಬ್ಬಿ ಯಾವುದು ಅಂತ ಗೊತ್ತಾಯಿತು. ಒಂದು ಹೆಸರು ಹೊಂದಿದರೆ ಸಾಲದು, ಎರಡು ಮೂರು ನೋಡಿ. ಒಬ್ಬರೇ ಒಂದೇ ದಿನ ಅಕ್ಕಪಕ್ಕದ ಐದಾರು ಡಬ್ಬಿ ಹುಡುಕಿರುವುದು ಮಾಮೂಲು. ಡಬ್ಬಿ ನೀರಿನಲ್ಲಿ ಬಂದಿದ್ದರೆ ಹೊಳೆಯ ಮೇಲ್ಗಡೆಯ ಡಬ್ಬಿಗಳನ್ನು ಮೊದಲು ನೋಡಿ. ಕೆಲವು ಡಬ್ಬಿಗಳ ಜಾಗ ದುಡ್ಡು ಕೊಟ್ಟ ಸದಸ್ಯರಿಗೆ ಮಾತ್ರ ಕಾಣುತ್ತದೆ. ಅಂಥ ಕಡೆ ತಲೆಕೆಡಿಸಿಕೊಳ್ಳಬೇಡಿ. ಕೊನೆಯಲ್ಲಿ ಸಹಿ ಹಾಕಿದವರಿಗೇ 'ಅವತ್ತು ನೀವು ಸಹಿ ಹಾಕಿದ ಡಬ್ಬಿ ಯಾರದ್ದು?' ಅಂತ ಮೆಸೇಜ್ ಹಾಕಿ.

ಡಬ್ಬಿಯಲ್ಲಿ ಸರಪಳಿಗೆ ಕಟ್ಟಿದ ಲೋಹದ ಬಿಲ್ಲೆ ಇದ್ದರೆ ಅದು ಬೇರೆಯವರ ಆಸ್ತಿ. ಡಬ್ಬಿಯಿಂದ ಡಬ್ಬಿಗೆ ಪ್ರಯಾಣ ಮಾಡಬೇಕಾದ್ದು. ಅದರ ಮೇಲಿನ ಸಂಖ್ಯೆಯ ಫೋಟೋ ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಆ ಸಂಖ್ಯೆ ಗೊತ್ತಿದ್ದವರು ಯಾರು ಬೇಕಾದರೂ 'ನನ್ನ ಹತ್ತಿರ ಇದೆ' ಅಂತ ಬರೆಯಬಹುದು.

ಮಾಲೀಕರು ಉತ್ತರವನ್ನೇ ಕೊಡದಿದ್ದರೆ ಡಬ್ಬಿಯ ಪುಟದಲ್ಲೇ ಒಂದು ಟಿಪ್ಪಣಿ ಬರೆಯಿರಿ. ಅದನ್ನು ಅಕ್ಕಪಕ್ಕದ ಆಟಗಾರರೂ ಓದುತ್ತಾರೆ. ಯಾರಾದರೊಬ್ಬರು ಬಂದು ತೆಗೆದುಕೊಂಡು ಹೋಗಬಹುದು.

[ದೃಶ್ಯ: ಖಾಲಿ ಡಬ್ಬಿ, ಒಂದು ಮಾರ್ಕರ್ ಪೆನ್ನು.]

ಈಗ ಡಬ್ಬಿ ಇಡುವವರಿಗೆ. ನಾನೂ ನಿಮ್ಮಲ್ಲಿ ಒಬ್ಬ. ಇಷ್ಟೆಲ್ಲ ಪತ್ತೇದಾರಿ ಕೆಲಸ ಒಬ್ಬ ಅಪರಿಚಿತ ಯಾಕೆ ಮಾಡಬೇಕು ಹೇಳಿ?

ನನ್ನದೊಂದು ಡಬ್ಬಿ ಕಾಣೆಯಾಗಿತ್ತು. ಮಗಲ್ ಆಯ್ತು ಅಂತ ನಾನೂ ಅಂದುಕೊಂಡೆ. ಹೊಸ ಡಬ್ಬಿ ಇಡೋಣ ಅಂತ ಹೋದಾಗ ಪೊದೆ ಕತ್ತರಿಸುತ್ತಿದ್ದವರೊಬ್ಬರು 'ಏನು ಹುಡುಕ್ತಾ ಇದೀರಿ?' ಅಂದರು. ಹೇಳಿದೆ. ಒಳಗೆ ಹೋಗಿ ಸಾಮಾನಿನ ಕೋಣೆಯಿಂದ ನನ್ನ ಡಬ್ಬಿ ತಂದುಕೊಟ್ಟರು. ಐದು ತಿಂಗಳು ಜೋಪಾನವಾಗಿ ಇಟ್ಟಿದ್ದರು! 'ಯಾರಿಗೆ ಕೊಡೋದು ಸ್ವಾಮಿ, ಬರೀ ನಂಬರ್ ಬರೆದಿದೀರಿ' ಅಂದರು. ನಿಜ. ಮುಚ್ಚಳದ ಮೇಲೆ ಕೋಡ್ ಇತ್ತು, ಚೆಂದವಾಗಿ, ದಪ್ಪಗೆ. ಅದು ಕೋಡ್ ಅಂತ ಗೊತ್ತಿರುವವರಿಗೆ ಮಾತ್ರ ಕೋಡ್. ಅವರ ಪಾಲಿಗೆ ಅದು ಕಾರ್ಖಾನೆಯವರು ಒತ್ತಿದ ಯಾವುದೋ ಸಂಖ್ಯೆ.

ಅವತ್ತಿನಿಂದ ನನ್ನ ಲೇಬಲ್ ಬದಲಾಯಿತು. ಹೊರಗಡೆ, ಅಲ್ಲಿನ ಜನ ಓದುವ ಭಾಷೆಯಲ್ಲಿ: 'ಇದು ಆಟದ ಡಬ್ಬಿ, ಅಪಾಯವಿಲ್ಲ. ಬಚ್ಚಿಟ್ಟ ಹಾಗಿದ್ದರೆ ಇಲ್ಲೇ ಬಿಡಿ. ಬಿದ್ದು ಸಿಕ್ಕಿದ್ದರೆ ದಯವಿಟ್ಟು ಫೋನ್ ಮಾಡಿ.' ಕೆಳಗೆ ನಂಬರ್, ಅದರ ಕೆಳಗೆ ಕೋಡ್. ನಂಬರ್ ಕೊಡಲು ಇಷ್ಟವಿಲ್ಲದವರು ಇದಕ್ಕೆಂದೇ ಒಂದು ಇಮೇಲ್ ಮಾಡಿಕೊಳ್ಳಿ. ಆದರೆ ಪೊದೆ ಕತ್ತರಿಸುವಾಗ ನಿಂತು ಇಮೇಲ್ ಬರೆಯುವವರು ಕಡಿಮೆ. ಡಬ್ಬಿಯ ಒಳಗೆ ಆಟ ಏನು ಅಂತ ತಿಳಿಸುವ ಚೀಟಿ ಇರಲಿ. ಜಿಯೋಕ್ಯಾಶಿಂಗ್‌ನವರೇ ಅದನ್ನು ಹಲವು ಭಾಷೆಗಳಲ್ಲಿ ಕೊಡುತ್ತಾರೆ. ಲ್ಯಾಮಿನೇಟ್ ಮಾಡಿಸಿ. ಬೆರಳ ತುದಿಯಷ್ಟು ಪುಟ್ಟ ಡಬ್ಬಿಯಲ್ಲಿ ಇದ್ಯಾವುದಕ್ಕೂ ಜಾಗ ಇರುವುದಿಲ್ಲ. ಅಲ್ಲಿ ಸಹಿ ಹಾಕುವ ಪಟ್ಟಿಯ ತುದಿಯಲ್ಲೇ ನಂಬರ್ ಮತ್ತು ಕೋಡ್ ಬರೆಯಿರಿ. ಪೆನ್ಸಿಲಿನಲ್ಲಿ. ಶಾಯಿ ನೀರಿಗೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ.

ಬರೆದ ಮೇಲೆ ಆಟ ಗೊತ್ತಿಲ್ಲದ ಒಬ್ಬರ ಕೈಗೆ ಡಬ್ಬಿ ಕೊಡಿ. 'ಇದು ಸಿಕ್ಕಿದರೆ ಏನು ಮಾಡ್ತೀರಿ?' ಅಂತ ಕೇಳಿ ಸುಮ್ಮನೆ ನಿಂತುಕೊಳ್ಳಿ. ಏನೂ ವಿವರಿಸಬೇಡಿ.

ನಾನು ಆ ಪೊದೆ ಕತ್ತರಿಸುವವರಿಗೇ ಕೊಟ್ಟೆ. ದೂರ ಹಿಡಿದು, ಹತ್ತಿರ ಹಿಡಿದು ಓದಿದರು. 'ಎಲ್ಲ ಸರಿ, ನಂಬರ್ ಇನ್ನೂ ದೊಡ್ಡದಾಗಿ ಬರೀರಿ. ನಾನು ಕೆಲಸಕ್ಕೆ ಕನ್ನಡಕ ಹಾಕ್ಕೊಂಡು ಬರಲ್ಲ' ಅಂದರು.

[ದೃಶ್ಯ: ಮಾರ್ಕರ್‌ನಲ್ಲಿ ದಪ್ಪಗೆ ಬರೆಯುತ್ತಿರುವ ಕೈ. ಮುಚ್ಚಳದ ನಾಲ್ಕೂ ಕ್ಲಿಪ್ ಒಂದೊಂದಾಗಿ ಕೂರುವ ಸದ್ದು.]