‘ಅವರು ಬರಲಿ’ ಎನ್ನುವ ಹೊತ್ತು

ಹಿರಿಯರೇ, ಶುಶ್ರೂಷಾ ಕಾಲೇಜಿನ ವಿದ್ಯಾರ್ಥಿನಿಯರೇ,

ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮಲ್ಲಿ ಹೇಳುತ್ತಾರೆ. ಮಾತು ಚೆನ್ನಾಗಿದೆ, ಆದರೆ ನನಗೆ ಅದರ ಮೇಲೆ ಸ್ವಲ್ಪ ಸಿಟ್ಟೂ ಇದೆ. ಮರುಹುಟ್ಟು ಎಂದ ಮೇಲೆ ಸಾವನ್ನೂ ಅರ್ಧ ಒಪ್ಪಿಕೊಂಡ ಹಾಗೆಯೇ. ಬಾಣಂತಿ ತೀರಿಕೊಂಡರೆ ‘ಅವಳ ಹಣೆಬರಹ’ ಎಂದು ಕೈತೊಳೆದುಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು, ಹೆರಿಗೆ, ಬಾಣಂತನಗಳ ತೊಂದರೆಯಿಂದ ಸುಮಾರು 2,60,000 ಹೆಂಗಸರು ಸತ್ತರು. ಅವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬಡ ಮತ್ತು ಕೆಳಮಧ್ಯಮ ಆದಾಯದ ದೇಶಗಳವರು. ನಮ್ಮ ದೇಶದೊಳಗೇ ನೋಡಿ: 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು, ಕರ್ನಾಟಕದಲ್ಲಿ 69, ಅಸ್ಸಾಮಿನಲ್ಲಿ 195. ಹಣೆಬರಹ ಬರೆಯುವವನು ರಾಜ್ಯದ ಗಡಿ ನೋಡಿಕೊಂಡು ಬರೆಯುತ್ತಾನೆಯೇ?

ಮರಣದ ದಾಖಲೆಯಲ್ಲಿ ಕಾರಣ ‘ಅತಿ ರಕ್ತಸ್ರಾವ’ ಎಂದಿರುತ್ತದೆ. ಸುಳ್ಳಲ್ಲ. ಆದರೆ ಆ ರಕ್ತ ಹರಿಯುತ್ತಿದ್ದಾಗ ಮನೆಯವರು ಏನು ಮಾಡುತ್ತಿದ್ದರು ಎಂಬುದು ಅಲ್ಲಿ ಇರುವುದಿಲ್ಲ. 1994ರಲ್ಲಿ ಥಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು ಇದನ್ನು ಮೂರು ತಡಗಳೆಂದು ವಿಂಗಡಿಸಿದರು: ಹೊರಡಲು ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ಮುಟ್ಟುವಲ್ಲಿ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಎರಡನೆಯದಕ್ಕೆ 108 ಬಂದಿದೆ. ಮೂರನೆಯದರ ಬಗ್ಗೆ ಪತ್ರಿಕೆಗಳು ಬರೆಯುತ್ತವೆ, ಬರೆಯಲೇಬೇಕು. ಮೊದಲನೆಯದು ಮನೆಯ ಪಡಸಾಲೆಯಲ್ಲಿ ನಡೆಯುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಕೆಲಸ ಮಾಡಿದ ತಾಲ್ಲೂಕಿನಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಪ್ರೀತಿಯ ಪದ್ಧತಿ. ಆದರೆ ನಡುರಾತ್ರಿ ಹುಡುಗಿಗೆ ಬಿ.ಪಿ. ಏರಿ, ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ನಾವು ಹೇಳಿದಾಗ ತಂದೆ ‘ಅವರ ಮನೆಯವರನ್ನು ಒಂದು ಮಾತು ಕೇಳದೆ ಹೇಗೆ’ ಎನ್ನುತ್ತಾರೆ. ಫೋನ್ ಮಾಡಿದರೆ ಅತ್ತೆಮನೆಯವರು ‘ಹೆರಿಗೆ ನಿಮ್ಮ ಮನೆಯದು, ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ‘ಅವರು ಬರಲಿ’ ಎಂದು ಬಸುರಿಯೇ ಹೇಳುತ್ತಾಳೆ. ಅವರು ಬರುವಷ್ಟರಲ್ಲಿ ಬೆಳಗಾಗಿರುತ್ತದೆ. ಬಾಣಂತಿಗೆ ರಕ್ತ ಕಟ್ಟದೆ ಹರಿಯತೊಡಗಿದರೆ ಎರಡು ಗಂಟೆಯಲ್ಲಿ ಜೀವ ಹೋಗಬಹುದು. ನಾವು ಕಾಯುತ್ತಿರುವುದು ಬೆಳಗ್ಗೆ ಬರುವ ಬಸ್ಸಿಗೆ.

ತಡ ಆ ರಾತ್ರಿಯೇ ಶುರುವಾದದ್ದೂ ಅಲ್ಲ. ಹದಿನೆಂಟು ತುಂಬುವ ಮೊದಲೇ ಮದುವೆ. ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ಸಾರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ. ಗಟ್ಟಿ ಮೈಯವಳು ತಾಳಿಕೊಳ್ಳುವ ರಕ್ತನಷ್ಟವನ್ನು ಇವಳು ತಾಳಲಾರಳು. ಕಬ್ಬಿಣಾಂಶದ ಮಾತ್ರೆ ಕೊಟ್ಟಿರುತ್ತೇವೆ. ಒಮ್ಮೆ ಒಂದು ಮನೆಯ ದೇವರ ಗೂಡಿನಲ್ಲಿ ಆ ಕೆಂಪು ಮಾತ್ರೆಯ ಹಾಳೆಗಳು ಒಂದೂ ಒಡೆಯದೆ ಅರಿಶಿನದ ಡಬ್ಬಿಯ ಕೆಳಗೆ ಒಪ್ಪವಾಗಿ ಕೂತಿದ್ದವು. ನುಂಗಿದರೆ ಮಗು ಕಪ್ಪಾಗುತ್ತದಂತೆ, ಮಲ ಕಪ್ಪಾದದ್ದೇ ಸಾಕ್ಷಿಯಂತೆ. ನಾನು ಆ ಅತ್ತೆಯನ್ನು ಗದರಿದೆ. ಗದರಬಾರದಿತ್ತು. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳದೆ ಮಾತ್ರೆ ಎಣಿಸಿ ಕೊಟ್ಟು ಬಂದವರು ನಾವೇ.

ಇನ್ನು ರಕ್ತ ಕೊಡುವ ವಿಚಾರ. ವಾರ್ಡಿನ ಹೊರಗೆ ಎಂಟು ಗಂಡಸರು ನಿಂತಿರುತ್ತಾರೆ. ಒಂದು ಬಾಟಲಿ ರಕ್ತ ಬೇಕು ಎಂದ ಕೂಡಲೇ ಇಬ್ಬರು ಚಹಾ ಕುಡಿಯಲು, ಒಬ್ಬ ಫೋನಿಗೆ ಕರೆನ್ಸಿ ಹಾಕಿಸಲು ಹೊರಡುತ್ತಾರೆ. ‘ದುಡಿಯುವ ಗಂಡಸು, ನಿಶ್ಶಕ್ತಿ ಬಂದರೆ?’ ಎಂದು ತಾಯಂದಿರೇ ಮಗನನ್ನು ಹಿಂದಕ್ಕೆ ಎಳೆಯುತ್ತಾರೆ.

ಹಾಗಾಗಿ ಕೊನೆಯ ವರ್ಷಗಳಲ್ಲಿ ನಾನು ಆಶಾ ಕಾರ್ಯಕರ್ತೆಯರಿಗೆ ಒಂದು ಕೆಲಸ ಹಚ್ಚಿದೆ. ಕುಬುಸದ, ಅಂದರೆ ಸೀಮಂತದ ದಿನ ಎರಡೂ ಮನೆಯವರು ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ, ಹೊಟ್ಟೆ ತುಂಬಿರುತ್ತದೆ, ಮನಸ್ಸೂ ಹಗುರವಾಗಿರುತ್ತದೆ. ಆಗಲೇ ಕೇಳಿಬಿಡಿ ಎಂದೆ: ರಾತ್ರಿ ಹೊರಡಬೇಕಾಗಿ ಬಂದರೆ ಯಾರನ್ನೂ ಕೇಳದೆ ಹೊರಡಿಸುವವರು ಯಾರು, ರಕ್ತ ಕೊಡುವವರು ಯಾರು? ಮೊದಲ ಸಲ ಕೇಳಿದಾಗ ‘ಶುಭಕಾರ್ಯದಲ್ಲಿ ಇದೆಂಥ ಮಾತು’ ಎಂದು ಹಿರಿಯರೊಬ್ಬರು ಎದ್ದೇ ಹೋದರು. ಆ ಬಸುರಿಯ ತಪಾಸಣೆಯ ವಿವರ ಬರೆಯುವ ‘ತಾಯಿ ಕಾರ್ಡಿ’ನ ಹಿಂಬದಿಯಲ್ಲಿ ಆಶಾ ಬರೆದು ತಂದದ್ದು ಎರಡೇ ಹೆಸರು. ರಕ್ತಕ್ಕೆ ಮೈದುನನದು. ಹೊರಡಿಸಲು, ಆ ಬಸುರಿಯದೇ.