ಸಾವಿರದಲ್ಲಿ ಒಬ್ಬರು

ಕೇಳುಗರಿಗೆ ನಮಸ್ಕಾರ. ಇವತ್ತು ಮೊದಲು ಒಂದು ಲೆಕ್ಕ. ಪೆನ್ನು, ಕಾಗದ ಬೇಡ. ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ.

ಒಂದು ಕಾಯಿಲೆ ಇದೆ. ಸಾವಿರ ಮಂದಿಯಲ್ಲಿ ಒಬ್ಬರಿಗೆ ಮಾತ್ರ ಇರುತ್ತದೆ. ಅದಕ್ಕೊಂದು ಪರೀಕ್ಷೆ. ಕಾಯಿಲೆ ಇದ್ದವರನ್ನು ಅದು ತಪ್ಪದೆ ಹಿಡಿಯುತ್ತದೆ. ಆದರೆ ಇಲ್ಲದವರಲ್ಲೂ ನೂರಕ್ಕೆ 5 ಮಂದಿಗೆ ಸುಮ್ನೆ 'ಇದೆ' ಎಂದುಬಿಡುತ್ತದೆ. ಈಗ ಯಾರೋ ಒಬ್ಬರ ವರದಿ 'ಇದೆ' ಎಂದು ಬಂತು. ಅವರ ಬಗ್ಗೆ ಬೇರೇನೂ ನಮಗೆ ಗೊತ್ತಿಲ್ಲ. ಅವರಿಗೆ ನಿಜವಾಗಿಯೂ ಕಾಯಿಲೆ ಇರುವ ಸಾಧ್ಯತೆ ಎಷ್ಟು?

ನೂರಕ್ಕೆ 95 ಅಂದಿರಾ? ಸಂಕೋಚ ಬೇಡ. 1978ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಾರ್ವರ್ಡ್‌ನ ವೈದ್ಯರು, ವೈದ್ಯ ವಿದ್ಯಾರ್ಥಿಗಳು ಎಲ್ಲ ಸೇರಿ 60 ಮಂದಿಗೆ ಇಂಥದ್ದೇ ಪ್ರಶ್ನೆ ಕೇಳಿದ್ದರು. ಹೆಚ್ಚುಕಡಿಮೆ ಅರ್ಧ ಮಂದಿ ಹೇಳಿದ್ದು 95. ಸರಿಯಾಗಿ ಹೇಳಿದವರು 11 ಮಂದಿ ಮಾತ್ರ.

ಸರಿ, ಸಾವಿರ ಮಂದಿಯನ್ನು ಒಂದು ಬಯಲಲ್ಲಿ ನಿಲ್ಲಿಸೋಣ. ಒಬ್ಬರಿಗೆ ಕಾಯಿಲೆ ಇದೆ. ಪರೀಕ್ಷೆ ಅವರನ್ನು ಹಿಡಿಯಿತು. ಉಳಿದವರು 999. ಅವರಲ್ಲಿ ಸುಮಾರು 50 ಮಂದಿಗೂ 'ಇದೆ' ಎಂಬ ಚೀಟಿ ಸಿಕ್ಕಿತು. ಒಟ್ಟು 51 ಚೀಟಿ, ನಿಜವಾದದ್ದು ಒಂದು. ಅಂದರೆ ನೂರಕ್ಕೆ ಬರೀ 2!

ನಾವು ಎಡವಿದ್ದು ಗುಣಾಕಾರದಲ್ಲಲ್ಲ. ಕೇಳಿದ್ದು 'ಕಾಯಿಲೆ ಇರಬಹುದೇ' ಎಂದು. ನಾವು ಉತ್ತರ ಕೊಟ್ಟಿದ್ದು 'ಪರೀಕ್ಷೆ ಒಳ್ಳೆಯದೇ' ಎಂಬ ಪ್ರಶ್ನೆಗೆ. ಕಷ್ಟದ ಪ್ರಶ್ನೆಯನ್ನು ಮನಸ್ಸು ಮೆಲ್ಲಗೆ ಸರಿಸಿ, ಪಕ್ಕದ ಸುಲಭದ ಪ್ರಶ್ನೆಯನ್ನು ಎತ್ತಿಕೊಂಡಿತು. ಸಾವಿರದಲ್ಲಿ ಒಬ್ಬರು ಎಂಬ ಮಾತು ಕಿವಿಗೆ ಬಿದ್ದಿತ್ತು, ಲೆಕ್ಕಕ್ಕೆ ಬರಲಿಲ್ಲ ಅಷ್ಟೇ.

ಇಂಥ ಒಳದಾರಿಗಳನ್ನು ಹುಡುಕಿ ತೆಗೆದವರು ಮನೋವಿಜ್ಞಾನಿಗಳಾದ ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್. 1974ರಲ್ಲಿ ಅವರು ವರದಿ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಜನರ ಎದುರೇ ಅದೃಷ್ಟದ ಚಕ್ರ ತಿರುಗಿಸುವುದು. ಆಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳುವುದು. ಚಕ್ರ 10ಕ್ಕೆ ನಿಂತವರ ಊಹೆ ಸುಮಾರು 25. 65ಕ್ಕೆ ನಿಂತವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಏನು ಸಂಬಂಧ, ಅಲ್ವಾ? ಸರಿಯಾಗಿ ಹೇಳಿದರೆ ಹಣ ಕೊಡುತ್ತೇವೆ ಎಂದರೂ ಎಳೆತ ಕಮ್ಮಿಯಾಗಲಿಲ್ಲ.

ಗೊತ್ತಿದ್ದರೆ ತಪ್ಪಿಸಿಕೊಳ್ಳಬಹುದೇ? ಅಷ್ಟು ಸುಲಭವಲ್ಲ. 2002ರಲ್ಲಿ ನೊಬೆಲ್ ಪಡೆದ ಕಾನೆಮನ್ ಕೂಡ, ಇಷ್ಟು ವರ್ಷ ಇದನ್ನೇ ಅಭ್ಯಾಸ ಮಾಡಿದರೂ ತನ್ನ ಊಹೆ ಅಷ್ಟೇನೂ ಸುಧಾರಿಸಿಲ್ಲ ಎಂದು ಒಪ್ಪಿಕೊಂಡಿದ್ದರು. ನನ್ನ ಕಥೆ ಕೇಳಲೇಬೇಡಿ. ಈ ಲೆಕ್ಕ ಬಾಯಿಪಾಠವಾಗಿದೆ, ಆದರೂ ಮೊದಲು ನಾಲಿಗೆಗೆ ಬರುವುದು 95.

ಆದರೆ ಶೇಕಡಾ ಬಿಟ್ಟು ತಲೆ ಎಣಿಸಿದರೆ ದಾರಿ ಸಿಗುತ್ತದೆ. ಬಯಲಲ್ಲಿ ಜನರನ್ನು ನಿಲ್ಲಿಸಿದೆವಲ್ಲ, ಹಾಗೆ. ಆ 51 ಮಂದಿ ಇನ್ನೂ ಅಲ್ಲೇ ನಿಂತಿದ್ದಾರೆ. ಮೊದಲಿನಷ್ಟೇ ತಪ್ಪುವ, ಆದರೆ ಬೇರೆಯೇ ಬಗೆಯ ಇನ್ನೊಂದು ಪರೀಕ್ಷೆ ಮಾಡಿಸೋಣ. ಕಾಯಿಲೆ ಇಲ್ಲದ 50ರಲ್ಲಿ ಈ ಸಲ ಇಬ್ಬರೋ ಮೂವರೋ ಉಳಿಯುತ್ತಾರೆ. ಜೊತೆಗೆ ಆ ಒಬ್ಬರು. ಎರಡೆರಡು ಸಲ 'ಇದೆ' ಎಂದು ಬಂದ ಮೇಲೂ, ಅಲ್ಲಿ ನಿಂತಿರುವವರಲ್ಲಿ ಕಾಯಿಲೆ ಇಲ್ಲದವರೇ ಜಾಸ್ತಿ.