ಹೊಸ್ತಿಲ ಹಳದಿ ಗಟ್ಟಿಯಾಗದಂತೆ

ಕೇಳುಗರಿಗೆಲ್ಲ ನಮಸ್ಕಾರ.

ಯುಗಾದಿಯೋ ಗೌರಿ ಹಬ್ಬವೋ ಹತ್ತಿರ ಬಂತೆಂದರೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೊಸ್ತಿಲಿಗೆ ಹಳದಿ ಎನಾಮಲ್ ಬಳಿಯುತ್ತಾರೆ. ಅಂಗಡಿಯಿಂದ 200 ಮಿಲಿಲೀಟರಿನ ಡಬ್ಬಿ ಬರುತ್ತದೆ. ಒಂದು ಹೊಸ್ತಿಲಿಗೆ ಅದರಲ್ಲಿ ಅರ್ಧವೂ ಬೇಡ. ಉಳಿದದ್ದನ್ನು ಮುಚ್ಚಿ ಅಟ್ಟಕ್ಕೆ ಸೇರಿಸುತ್ತೇವೆ. ಮುಂದಿನ ವರ್ಷ ಇಳಿಸಿದರೆ ಮುಚ್ಚಳವೇ ಏಳುವುದಿಲ್ಲ. ಎದ್ದರೂ ಒಳಗೆ ರಬ್ಬರಿನಂಥ ಮುದ್ದೆ.

ನಮ್ಮಪ್ಪ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದವರು. ಅವರ ತಗಡಿನ ಪೆಟ್ಟಿಗೆಯಲ್ಲಿ ಹತ್ತಾರು ಸಣ್ಣ ಡಬ್ಬಿಗಳಿದ್ದವು. ವರ್ಷಗಟ್ಟಲೆ ಇಟ್ಟರೂ ಬಣ್ಣ ಕೆಡುತ್ತಿರಲಿಲ್ಲ. ಅವರ ಕೈ ನೋಡಿ ಕಲಿತದ್ದನ್ನೇ ಇವತ್ತು ಹೇಳುತ್ತೇನೆ.

ಎನಾಮಲ್ ಒಣಗುವುದು ಒದ್ದೆ ಬಟ್ಟೆ ಒಣಗಿದ ಹಾಗಲ್ಲ. ಮೊದಲು ಅದರೊಳಗಿನ ಟರ್ಪೆಂಟೈನ್ ಆರಿಹೋಗುತ್ತದೆ, ನಿಜ. ಗಟ್ಟಿಯಾಗುವುದು ಮಾತ್ರ ಆಮೇಲೆ. ಬಣ್ಣದಲ್ಲಿರುವ ಎಣ್ಣೆ ಬೆರೆತ ರಾಳ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಎಳೆಗೆ ಎಳೆ ಹೆಣೆದುಕೊಳ್ಳುತ್ತದೆ. ಅನ್ನವಾದದ್ದು ಮತ್ತೆ ಅಕ್ಕಿಯಾಗುತ್ತದೆಯೇ? ಮುದ್ದೆಯಾದ ಬಣ್ಣಕ್ಕೆ ಎಷ್ಟು ಟರ್ಪೆಂಟೈನ್ ಸುರಿದರೂ ಅದು ಮೊದಲಿನಂತೆ ಕರಗದಿರುವುದು ಇದಕ್ಕೇ. ಹಾಗಾಗಿ ನೋಡಿಕೊಳ್ಳಬೇಕಾದದ್ದು ಗಾಳಿಯನ್ನು: ಸಂದಿಯಿಂದ ಒಳಗೆ ನುಸುಳುವ ಗಾಳಿ, ಡಬ್ಬಿ ಖಾಲಿಯಾದಷ್ಟೂ ಒಳಗೇ ತುಂಬಿಕೊಳ್ಳುವ ಗಾಳಿ.

ಅಪ್ಪ ಬ್ರಷ್ಷನ್ನು ಡಬ್ಬಿಗೆ ಅದ್ದುತ್ತಲೇ ಇರಲಿಲ್ಲ. ಬೇಕಾದಷ್ಟನ್ನು ತೆಂಗಿನ ಕರಟಕ್ಕೆ ಬಗ್ಗಿಸಿಕೊಂಡು ತಕ್ಷಣ ಮುಚ್ಚಿಬಿಡುತ್ತಿದ್ದರು. ಕರಟದಲ್ಲಿ ಉಳಿದದ್ದು ವಾಪಸ್ ಡಬ್ಬಿಗೆ ಹೋಗುತ್ತಿರಲಿಲ್ಲ. ಗಾಳಿ ಕುಡಿದ ಬಣ್ಣ ಅದು. ಮುಚ್ಚುವ ಮೊದಲು ಬಟ್ಟೆಯ ಚೂರನ್ನು ಉಗುರಿಗೆ ಸುತ್ತಿ, ಮುಚ್ಚಳ ಕೂರುವ ಸಂದನ್ನು ಸುತ್ತಲೂ ಒರೆಸುತ್ತಿದ್ದರು. ಅಲ್ಲಿ ಬಣ್ಣ ಒಣಗಿ ಗಂಟುಕಟ್ಟಿದರೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಒರೆಸಿದ ಮೇಲೆ ಒಂದು ಚಮಚ ಟರ್ಪೆಂಟೈನನ್ನು ಬಣ್ಣದ ಮೇಲೆ ಮೆಲ್ಲಗೆ ಬಿಡುವುದು, ಕಲಕದೆ. ಆ ತೆಳುಪದರ ಬಣ್ಣಕ್ಕೂ ಗಾಳಿಗೂ ನಡುವೆ ನಿಲ್ಲುತ್ತದೆ. ಮುಂದಿನ ಸಲ ತೆಗೆದಾಗ ಕಲಕಿಕೊಂಡರಾಯಿತು. ಕೊನೆಗೆ ಮುಚ್ಚಳದ ಮೇಲೆ ಮರದ ತುಂಡಿಟ್ಟು ತಟ್ಟುವುದು. ಸುತ್ತಿಗೆಯಿಂದ ನೇರವಾಗಿ ಹೊಡೆದರೆ ತಗಡು ಸೊಟ್ಟಗಾಗಿ ಸಂದು ಬಿಡುತ್ತದೆ.

ಡಬ್ಬಿಯಲ್ಲಿ ತಳಮಟ್ಟ ಮಾತ್ರ ಉಳಿದಿದ್ದರೆ ಇಷ್ಟು ಸಾಲದು. ಉಪ್ಪಿನಕಾಯಿಯ ಸಣ್ಣ ಗಾಜಿನ ಬಾಟಲಿಗೆ, ಚೆನ್ನಾಗಿ ತೊಳೆದು ಪೂರ್ತಿ ಒಣಗಿಸಿ, ಕುತ್ತಿಗೆಯವರೆಗೆ ತುಂಬಿಡಿ. ನನಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ ಅನ್ನಿಸುತ್ತದೆ. ಹೊರಗೆ ದೊಡ್ಡದಾಗಿ ‘ಬಣ್ಣ’ ಎಂದು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕುಡಿಯುವ ನೀರಿನ ಬಾಟಲಿ ಮಾತ್ರ ಬೇಡವೇ ಬೇಡ.

ಅಟ್ಟವೂ ಬೇಡ. ಬೇಸಿಗೆಯಲ್ಲಿ ಹೆಂಚಿನಡಿ ಕಾವು ಹೆಚ್ಚು. ಒಲೆಯಿಂದ ದೂರದ, ತಣ್ಣನೆಯ ಮೂಲೆ ಸಾಕು.

ಇಷ್ಟೆಲ್ಲ ಮಾಡಿಯೂ ಮೇಲೆ ಕೆನೆ ಕಟ್ಟಿದ್ದರೆ ಕಡ್ಡಿ ಹಾಕಿ ಕಲಕಬೇಡಿ. ಕಲಕಿದರೆ ಅದು ಚೂರುಚೂರಾಗಿ, ಬಳಿದ ಬಣ್ಣದಲ್ಲೆಲ್ಲ ಕಾಳು ಕಾಳಾಗಿ ಕಾಣುತ್ತದೆ. ಚಾಕುವಿನಿಂದ ಅಂಚಿನ ಸುತ್ತ ಬಿಡಿಸಿ, ಇಡಿಯಾಗಿ ಎತ್ತಿ ತೆಗೆಯಿರಿ. ಕೆಳಗಿನ ಬಣ್ಣ ತಿಳಿಯಾಗಿದ್ದರೆ ಹಳೇ ಪಂಚೆಯ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಳೆಯ ಹಳದಿ ಎನಾಮಲ್ಲಿನಲ್ಲಿ ಸೀಸದ ಬಣ್ಣದಪುಡಿ ಇರುವ ಸಾಧ್ಯತೆ ಹೆಚ್ಚು. ಹೊಸ್ತಿಲೆಂದರೆ ಕೂಸುಗಳು ಅಂಬೆಗಾಲಿಟ್ಟು ದಾಟುವ ಜಾಗ. ಅಂಥ ಡಬ್ಬಿ ಎಷ್ಟೇ ಚೆನ್ನಾಗಿ ಉಳಿದಿದ್ದರೂ ಹೊಸ್ತಿಲಿಗೆ, ತೊಟ್ಟಿಲಿಗೆ ಬಳಿಯಬೇಡಿ.

ಅಪ್ಪನ ಪೆಟ್ಟಿಗೆಯಿಂದ ನಾನು ಬಳಸದೆ ಎತ್ತಿಟ್ಟಿರುವ ಹಳದಿ ಡಬ್ಬಿಯೊಂದಿದೆ. ಅದರ ಮುಚ್ಚಳದ ಮೇಲೆ ಅವರು ಎಲ್ಲ ಡಬ್ಬಿಗೂ ಮಾಡುತ್ತಿದ್ದ ಹಾಗೆ ಹೆಬ್ಬೆರಳಲ್ಲಿ ಒತ್ತಿದ ಬಣ್ಣದ ಬೊಟ್ಟಿದೆ, ಪಕ್ಕದಲ್ಲಿ ಇಸವಿ. ನನ್ನ ಡಬ್ಬಿಗಳಿಗೂ ಈಗ ಹಾಗೆಯೇ ಬೊಟ್ಟಿಟ್ಟು, ತಂದ ತಿಂಗಳು ಬರೆಯುತ್ತೇನೆ.

ನಮಸ್ಕಾರ.